ನಾಲಿಗೆ ಹುಣ್ಣಿಗೆ ಟಿಬಿ ಅಂತಾರೆ, ಅನುಭವ ಇದ್ದವರು ಹೇಳಿ

ಕೇಳಿದವರು: ನಾಲಿಗೆ ಅಂಚಿನಲ್ಲಿ ಎರಡು ತಿಂಗಳಿಂದ ಹುಣ್ಣು. ಚೂಪು ಹಲ್ಲು ಸವೆಸಿದರೂ ವಾಸಿಯಾಗಲಿಲ್ಲ. ಬಯಾಪ್ಸಿಯಲ್ಲಿ ಗ್ರ್ಯಾನುಲೋಮಾ (ಜೀವಕೋಶಗಳು ಗುಂಪುಗೂಡಿದ ಸಣ್ಣ ಗಂಟು) ಬಂದಿದೆ, ಟಿಬಿ ಇರಬಹುದು ಅಂತಾರೆ. ನನಗೆ ಕೆಮ್ಮೇ ಇಲ್ಲ! ಮಾತ್ರೆ ಶುರು ಮಾಡಲಾ, ಇನ್ನೊಬ್ಬರಿಗೆ ತೋರಿಸಲಾ?

ಒಂಟಿಹಕ್ಕಿ: ನನ್ನದು ಕತ್ತಿನ ಟಿಬಿ. ಕಿವಿ ಕೆಳಗೆ ಗೋಲಿಯಷ್ಟು ಗಂಟು. ನೋವಿಲ್ಲ, ಜ್ವರವಿಲ್ಲ. ಕೀವು ತುಂಬಿದೆ ಅಂತ ಕುಯ್ದುಬಿಟ್ಟರು. ಆ ಗಾಯ ಮುಚ್ಚಲೇ ಇಲ್ಲ. ಏಳು ತಿಂಗಳು ಸೋರಿತು. ದಿನಕ್ಕೆ ಎರಡು ಸಲ ಪಟ್ಟಿ ಬದಲಿಸಿದರೂ ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ. ಮೊದಲೇ ಸೂಜಿ ಹಾಕಿ ಪರೀಕ್ಷೆ ಮಾಡಿದ್ದರೆ ಸಾಕಿತ್ತು. ಯಾರೂ ಕುಯ್ಯಿಸಬೇಡಿ.

ಹಸಿರೆಲೆ: ಸುಮ್ನೆ ಹೆದರಿಸಬೇಡಿ. ಕುಯ್ದು ಕೀವು ಬಿಡುವುದು ಬೇರೆ, ಇಡೀ ಗಂಟು ತೆಗೆಯುವುದು ಬೇರೆ. ನನ್ನದನ್ನು ಇಡೀ ತೆಗೆದರು, ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ತೆಗೆದದ್ದನ್ನೆಲ್ಲ ಫಾರ್ಮಾಲಿನ್‌ಗೆ (ಕೆಡದಂತೆ ಇಡುವ ದ್ರವ, ರೋಗಾಣುವನ್ನೂ ಕೊಲ್ಲುತ್ತದೆ) ಹಾಕಿದರು. ಅದರಿಂದ ಕಲ್ಚರ್ ಆಗಲ್ಲ, ಅಂದರೆ ರೋಗಾಣು ಬೆಳೆಸಿ ಯಾವ ಔಷಧಿ ನಾಟುತ್ತದೆ ಅಂತ ನೋಡಲು ಆಗಲ್ಲ. ಒಂದು ಚೂರು ಸಲೈನ್‌ನಲ್ಲಿ ಕಳಿಸಬೇಕಿತ್ತು. ಮಾತ್ರೆ ಶುರುವಾದ ಮೂರನೇ ತಿಂಗಳಲ್ಲಿ ಹೊಸ ಗಂಟು ಎದ್ದಿತು. ಔಷಧಿ ನಾಟುತ್ತಿಲ್ಲವಾ, ನಾಟುವಾಗಲೂ ಕೆಲವರಿಗೆ ಹೀಗೆ ಊದುತ್ತದಲ್ಲ, ಅದಾ? ಹೇಳಲು ಕಲ್ಚರೇ ಇಲ್ಲ. ಆರು ವಾರ ನಿದ್ದೆ ಮಾಡಲಿಲ್ಲ. ಆಮೇಲೆ ತಾನೇ ಇಳಿಯಿತು.

ಒಂಟಿಹಕ್ಕಿ: ಏಳು ತಿಂಗಳು ಕತ್ತಿಗೆ ಬಟ್ಟೆ ಸುತ್ತಿಕೊಂಡು ಓಡಾಡಿದವಳು ನಾನು. ಹೆದರಿಸುತ್ತೀರಿ ಅನ್ನಬೇಡಿ.

ನಿಧಾನಿ: ನಮ್ಮಪ್ಪನಿಗೆ ದನಿ ಒಡೆದಿತ್ತು. ಗಂಟಲು ಕ್ಯಾನ್ಸರ್ ಅಂತಲೇ ಎಲ್ಲರೂ ನಂಬಿದ್ದೆವು. ಬಯಾಪ್ಸಿಯಲ್ಲಿ ಟಿಬಿ. ಎಕ್ಸ್‌ರೇ ತೆಗೆದರೆ ಎದೆಯಲ್ಲೂ ಇತ್ತು. ಮೊದಲ ದಿನ ಮೂತ್ರ ಕೇಸರಿ ಬಣ್ಣ ಬಂದದ್ದು ನೋಡಿ ರಕ್ತ ಅಂತ ಕೂಗಿಕೊಂಡರು, ಅದು ಟಿಬಿ ಮಾತ್ರೆ ರಿಫಾಂಪಿಸಿನ್‌ನ ಬಣ್ಣ. ದನಿ ಬಂತು ಅಂತ ಮೂರನೇ ತಿಂಗಳಿಗೆ ಮಾತ್ರೆ ಬಿಟ್ಟರು. ಮತ್ತೆ ಮೊದಲಿಂದ ಶುರು. ಆರು ತಿಂಗಳದ್ದು ಹನ್ನೊಂದಾಯಿತು. ಇದು ಹರಡುವ ಕಾಯಿಲೆ, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡೆವು.

ಹಸಿರೆಲೆ: ಕತ್ತಿನ ಗಂಟು ಹರಡಲ್ಲ. ಇಂಥ ಮಾತು ಕೇಳಿಯೇ ನಮ್ಮನೆಯಲ್ಲಿ ನನ್ನ ಲೋಟ ಬೇರೆ ಇಟ್ಟರು.

ನಿಧಾನಿ: ಗಂಟು ಅಂದೆನಾ? ಗಂಟಲು ಅಂದೆ. ಸರಿಯಾಗಿ ಓದಿ.

ಹಸಿರೆಲೆ: ಓದಿದೆ. ನಮ್ಮನೆಯವರೂ ಹೀಗೇ ಗಂಟಿಗೂ ಗಂಟಲಿಗೂ ವ್ಯತ್ಯಾಸ ನೋಡಲಿಲ್ಲ. ನೀವು ಬಿಡಿಸಿ ಬರೆಯಬೇಕಿತ್ತು.

ಕೇಳಿದವರು: ನನ್ನ ತುಂಡೂ ಫಾರ್ಮಾಲಿನ್‌ಗೇ ಹೋಗಿದೆ. ಮತ್ತೆ ನಾಲಿಗೆ ಕುಯ್ಯಿಸಬೇಕಾ?

ಹಸಿರೆಲೆ: ಮೊದಲು ಎದೆ ಎಕ್ಸ್‌ರೇ, ಕಫ ಪರೀಕ್ಷೆ ಕೇಳಿ. ಬಾಯಿ ಟಿಬಿ ಜಾಸ್ತಿ ಶ್ವಾಸಕೋಶದಿಂದಲೇ ಬರುವುದು, ಕೆಮ್ಮಿಲ್ಲದಿದ್ದರೂ. ಕಫದಲ್ಲಿ ಸಿಕ್ಕರೆ ಅದನ್ನೇ ಕಲ್ಚರ್‌ಗೆ ಹಾಕಬಹುದು. ಮಾತ್ರೆ ನುಂಗುವ ಮೊದಲೇ ಕೊಡಿ.