ಸೆಕಿರೋ: ಗೆನಿಚಿರೋನ ಪೋಶ್ಚರ್ ತುಂಬುವುದೇ ಇಲ್ಲ, ಏನು ಮಾಡಲಿ?

ಪ್ರಶ್ನೆ:
ಡಾರ್ಕ್ ಸೋಲ್ಸ್ 3, ಎಲ್ಡನ್ ರಿಂಗ್ ಎರಡೂ ಮುಗಿಸಿ ಈಗ ಸೆಕಿರೋ ಆಡುತ್ತಿದ್ದೇನೆ. ಅಶಿನಾ ಕೋಟೆಯ ಮೇಲೆ ಬಾಸ್ (ದೊಡ್ಡ ವೈರಿ) ಗೆನಿಚಿರೋ ಹತ್ತಿರ ಆಟ ನಿಂತುಬಿಟ್ಟಿದೆ. ಅವನು ಹೊಡೆಯಲು ಬಂದಾಗ ಡಾಡ್ಜ್ ಮಾಡಿ, ಒಂದೆರಡು ಏಟು ಕೊಟ್ಟು ದೂರ ಹೋಗುತ್ತೇನೆ. ಅವನ ಪೋಶ್ಚರ್ (ಪೂರ್ತಿ ತುಂಬಿದರೆ ವೈರಿಯ ಸಮತೋಲನ ಮುರಿಯುವ ಪಟ್ಟಿ) ಅರ್ಧ ತುಂಬಿರುತ್ತದೆ. ನಾನು ಹೀಲ್ ಮಾಡಿಕೊಂಡು ಬರುವಷ್ಟರಲ್ಲಿ ಖಾಲಿ. ಮೇಲಿಂದ ಬಾಣ ಬೇರೆ ಬಿಡುತ್ತಾನೆ. ಲೆವೆಲ್ ಏರಿಸಿಕೊಂಡು ಬರೋಣ ಅಂದರೆ ಇದರಲ್ಲಿ ಅದೂ ಇಲ್ಲ.

ಉತ್ತರ 1:
ಮಿಕಿರಿ ಕೌಂಟರ್ (ಚುಚ್ಚಲು ಬಂದ ಆಯುಧವನ್ನು ಕಾಲಲ್ಲಿ ತುಳಿದು ತಡೆಯುವುದು) ಕಲಿತಿದ್ದೀರಾ? ಇಲ್ಲದಿದ್ದರೆ ಮೊದಲು ಆ ಸ್ಕಿಲ್ ತಗೊಳ್ಳಿ. ಪಾಳು ದೇವಸ್ಥಾನದ ಹತ್ತಿರ ಇರುವ ಹಾನ್ಬೇ ಜೊತೆ ಅಭ್ಯಾಸ ಮಾಡಬಹುದು.

ಉತ್ತರ 2:
ನೀವು ದೂರ ಹೋಗುವುದೇ ಸಮಸ್ಯೆ. 2019ರಲ್ಲಿ ಬಂದ ಈ ಆಟ ಮಾಡುವಾಗ ನಿರ್ದೇಶಕ ಮಿಯಾಝಾಕಿಯ ತಂಡ ಸ್ಟ್ಯಾಮಿನಾ (ದಮ್ಮು) ಪಟ್ಟಿಯನ್ನೇ ತೆಗೆದುಹಾಕಿತು. ಯಾಕೆ? ಸುಸ್ತಾಗಿ ಹಿಂದೆ ಸರಿಯಲು ನಿಮಗೆ ಕಾರಣವೇ ಇರಬಾರದು ಅಂತ. ಹತ್ತಿರವೇ ನಿಂತು ಡಿಫ್ಲೆಕ್ಟ್ ಮಾಡಿ, ಅಂದರೆ ಅವನ ಏಟು ತಾಗುವ ಕ್ಷಣಕ್ಕೆ ಸರಿಯಾಗಿ ಗಾರ್ಡ್ ಒತ್ತಿ. ಪ್ರತಿ ಸರಿಯಾದ ಡಿಫ್ಲೆಕ್ಟ್‌ಗೂ ಅವನ ಪೋಶ್ಚರ್ ಏರುತ್ತದೆ. ಇಲ್ಲಿ ತಡೆಯುವುದೂ ಹೊಡೆತವೇ.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ವೈರಿಯ ಪ್ರಾಣ ಜಾಸ್ತಿ ಇದ್ದಾಗ ಪೋಶ್ಚರ್ ಬೇಗ ಇಳಿಯುತ್ತದೆ. ಪ್ರಾಣ ಕಡಿಮೆಯಾದಷ್ಟೂ ನಿಧಾನ. ಅದಕ್ಕೇ ಮೊದಲು ಅವನ ಪ್ರಾಣ ಇಳಿಸಿ, ಆಮೇಲೆ ಪೋಶ್ಚರ್ ಮುರಿಯಲು ನೋಡಿ.

ಕಿವಿಯನ್ನೂ ನಂಬಿ. ನೀವು ಹೊಡೆಯುತ್ತಿರುವಾಗ ಅವನು ನಿಮ್ಮ ಕತ್ತಿಯನ್ನು ತಳ್ಳಿದರೆ ಸದ್ದು ಬದಲಾಗುತ್ತದೆ, ಕಿಡಿ ದೊಡ್ಡದಾಗುತ್ತದೆ. ಅಲ್ಲಿಗೆ ಅವನ ಸರದಿ. ಕೋಲಾಟದ ಹಾಗೆ ಸರದಿ ತಪ್ಪದಿದ್ದರೆ ಕೈ ತಾನೇ ಓಡುತ್ತದೆ. ಗಾರ್ಡ್ ಬಟನ್ ಸುಮ್ನೆ ಪಟಪಟ ಒತ್ತಬೇಡಿ, ಡಿಫ್ಲೆಕ್ಟ್‌ನ ಸಮಯ ಇನ್ನೂ ಚಿಕ್ಕದಾಗುತ್ತದೆ. ಸ್ವಲ್ಪ ಬೇಗ ಒತ್ತಿದರೆ ಬರೀ ತಡೆಯಾಗುತ್ತದೆ, ಪ್ರಾಣ ಹೋಗುವುದಿಲ್ಲ.

ಹಾರಿ ಬಂದು ಕತ್ತಿ ಅಪ್ಪಳಿಸಿದ ಮೇಲೆ ಕೆಂಪು ಅಕ್ಷರ (ಬರೀ ತಡೆದರೆ ನಿಲ್ಲದ ಏಟಿನ ಎಚ್ಚರಿಕೆ) ಬಂದರೆ ಅವನ ಕತ್ತಿ ನೋಡಿ. ಚುಚ್ಚಲು ಬಂದರೆ ಮಿಕಿರಿ, ಕಾಲಿಗೆ ಬೀಸಿದರೆ ಜಂಪ್.

ನಿಮ್ಮ ಓಡುವ ಅಭ್ಯಾಸಕ್ಕೆ ಆಟದ್ದೂ ಪಾಲಿದೆ ಅಂತ ನನಗೆ ಅನಿಸುತ್ತದೆ. ಕೋಟೆಗೆ ಬರುವ ಮೊದಲೇ ಸರಪಳಿ ಹಾಕಿದ ಆ ರಾಕ್ಷಸನನ್ನು ಇಟ್ಟಿದ್ದಾರೆ. ಅವನು ನಿಮ್ಮನ್ನು ಕೈಯಲ್ಲಿ ಹಿಡಿದು ಎಸೆಯುವುದನ್ನು ಡಿಫ್ಲೆಕ್ಟ್ ಮಾಡಲು ಆಗುವುದಿಲ್ಲ, ತಪ್ಪಿಸಿಕೊಂಡು ಓಡಲೇಬೇಕು. ಕತ್ತಿಗೆ ಕತ್ತಿ ಕೊಡುವ ಆಟದಲ್ಲಿ ಶುರುವಿಗೇ ಅಂಥ ಬಾಸ್ ಬೇಕಿರಲಿಲ್ಲ.

ಉತ್ತರ 3:
ಆದರೆ ಒಂದೇ ದಾರಿ ಅಲ್ವಾ? ಎಲ್ಡನ್ ರಿಂಗ್‌ನಲ್ಲಿ ಮಾರ್ಗಿಟ್ ಎಂಬ ಬಾಸ್ ಕಷ್ಟವಾದರೆ ಬೇರೆ ಕಡೆ ಸುತ್ತಿ, ಬಲ ಹೆಚ್ಚಿಸಿಕೊಂಡು ಬರಬಹುದು. ನನಗೆ ಅದೇ ಇಷ್ಟ.

ಉತ್ತರ 2:
ದಾರಿ ಒಂದೇ, ಒಪ್ಪುತ್ತೇನೆ. ಅದರಿಂದಲೇ ಇಲ್ಲಿನ ಬಾಸ್‌ಗಳು ಇಷ್ಟು ಹದವಾಗಿವೆ. ಆಟಗಾರನ ಕೈಯಲ್ಲಿ ಏನಿದೆ ಅಂತ ಮಾಡುವವರಿಗೆ ಖಚಿತವಾಗಿ ಗೊತ್ತು. ಮಾರ್ಗಿಟ್ ಕೋಲು ಎತ್ತಿ ಹೊಡೆಯಲು ತಡಮಾಡುವುದು ಬೇಗ ಉರುಳುವವರನ್ನು ಹಿಡಿಯಲು. ಗೆನಿಚಿರೋನ ಏಟುಗಳಲ್ಲಿ ಒಂದು ಲಯ ಇದೆ, ಅದು ಕಲಿತವರಿಗೆ ಮೋಸ ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು:
ಹತ್ತಿರ ನಿಂತು ಆಡಿದೆ. ಎರಡು ಡೆತ್‌ಬ್ಲೋ (ಪೋಶ್ಚರ್ ಮುರಿದ ಮೇಲೆ ಕೊಡುವ ಮಾರಕ ಏಟು) ಆಯಿತು! ಈಗ ರಕ್ಷಾಕವಚ ಕಳಚಿ ಮಿಂಚು ಎಸೆಯುತ್ತಿದ್ದಾನೆ. ಅದನ್ನು ತಡೆದರೂ ಒದ್ದಾಡುತ್ತಾ ನಿಲ್ಲುತ್ತೇನೆ.

ಉತ್ತರ 2:
ಭಲೇ! ಮಿಂಚನ್ನು ನೆಲದ ಮೇಲೆ ನಿಂತು ತಡೆಯಬೇಡಿ. ಅವನು ಮೇಲಕ್ಕೆ ಹಾರಿ ಕತ್ತಿಗೋ ಬಿಲ್ಲಿಗೋ ಮಿಂಚು ತುಂಬಿಕೊಂಡ ಕೂಡಲೇ ನೀವೂ ಜಂಪ್ ಮಾಡಿ. ಗಾಳಿಯಲ್ಲಿರುವಾಗಲೇ ಅದು ನಿಮಗೆ ಬಡಿಯಬೇಕು. ಕಾಲು ನೆಲ ಮುಟ್ಟುವ ಮೊದಲು ಅಟ್ಯಾಕ್ ಒತ್ತಿದರೆ ಆ ಮಿಂಚು ತಿರುಗಿ ಅವನಿಗೇ ಹೋಗುತ್ತದೆ. ಅವನು ಸ್ವಲ್ಪ ಹೊತ್ತು ಅಲುಗಾಡುವುದಿಲ್ಲ, ಆಗ ಬಿಡಬೇಡಿ. ಉಳಿದ ಕತ್ತಿ ಏಟುಗಳಿಗೆ ಮೊದಲಿನ ಹಾಗೇ ಡಿಫ್ಲೆಕ್ಟ್ ಮಾಡಿ.