ಕರಿಮರಳಿನಲ್ಲಿ ಕ್ರೋಮಿಯಂ ಅಪಾಯಾಂಕ 1ನ್ನು ದಾಟುತ್ತಿದೆ: ಇದು ಮಾಲಿನ್ಯವೇ?

ಪ್ರಶ್ನೆ:
ಕಡಲತೀರದ ಮರಳನ್ನು ಹೈಡ್ರೋಫ್ಲೋರಿಕ್ ಆಮ್ಲ ಸೇರಿದ ಮಿಶ್ರಣದಲ್ಲಿ ಪೂರ್ತಿ ಕರಗಿಸಿ, ಐಸಿಪಿ-ಎಂಎಸ್‌ನಲ್ಲಿ (ಲೋಹಗಳ ಪ್ರಮಾಣ ಅಳೆಯುವ ಉಪಕರಣ) ಅಳೆಸಿದ್ದೇನೆ. ಸೀಸ, ಸತು, ಕ್ಯಾಡ್ಮಿಯಂ ಸಹಜ ಮಟ್ಟದಲ್ಲಿವೆ. ಕಪ್ಪು ಪಟ್ಟೆಗಳಿರುವ ಕಡೆ ಮಾತ್ರ ಕ್ರೋಮಿಯಂ ವಿಪರೀತ ಏರಿದ್ದು, ಮಕ್ಕಳ ಅಪಾಯಾಂಕ (ದೇಹ ಸೇರುವ ಪ್ರಮಾಣ ಸುರಕ್ಷಿತ ಮಿತಿಯ ಎಷ್ಟು ಪಟ್ಟು ಎಂಬ ಲೆಕ್ಕ) 1ನ್ನು ದಾಟುತ್ತಿದೆ. ಆದರೆ ಕಬ್ಬಿಣವನ್ನು ಆಧಾರವಾಗಿಟ್ಟ ಸಮೃದ್ಧಿ ಗುಣಾಂಕ (ಸಹಜ ಮಟ್ಟಕ್ಕಿಂತ ಲೋಹ ಎಷ್ಟು ಪಟ್ಟು ಹೆಚ್ಚಿದೆ ಎಂಬ ಅಳತೆ) 1ರ ಆಸುಪಾಸಿನಲ್ಲೇ ಇದೆ. ಹತ್ತಿರದಲ್ಲಿ ಕಾರ್ಖಾನೆಗಳಿಲ್ಲ. ಯಾವುದನ್ನು ನಂಬಲಿ?

ಉತ್ತರ:
ಸದ್ಯಕ್ಕೆ ಎರಡನ್ನೂ ನಂಬಬೇಡಿ. ಅಲೆಗಳು ಹಗುರವಾದ ಬೆಣಚು ಕಣಗಳನ್ನು ಸೆಳೆದೊಯ್ದು, ಇಲ್ಮನೈಟ್, ಮ್ಯಾಗ್ನೆಟೈಟ್, ಕೆಲವೆಡೆ ಕ್ರೋಮೈಟ್‌ನಂಥ ಭಾರ ಖನಿಜಗಳನ್ನು ಉಳಿಸಿಹೋದ ಜಾಗದಲ್ಲೇ ಸಾಮಾನ್ಯವಾಗಿ ಇಂಥ ಪಟ್ಟೆಗಳು ಮೂಡುತ್ತವೆ. ಈ ಖನಿಜಗಳಲ್ಲಿ ಕ್ರೋಮಿಯಂ ಜೊತೆಗೆ ಕಬ್ಬಿಣವೂ ಏರುವುದರಿಂದ, ಕಬ್ಬಿಣದಿಂದ ಭಾಗಿಸಿದೊಡನೆ ಏರಿಕೆ ಮರೆಯಾಗುತ್ತದೆ. ಅಲ್ಯೂಮಿನಿಯಂನಿಂದ ಭಾಗಿಸಿದರೆ ಅದೇ ಮರಳು ಭಾರೀ ಮಲಿನವಾಗಿರುವಂತೆ ತೋರುತ್ತದೆ. ಸಹಜ ಮಟ್ಟವೆಂದು ಹೋಲಿಕೆಗೆ ಬಳಸುವ, ಭೂರಸಾಯನ ವಿಜ್ಞಾನಿಗಳಾದ ಟುರೇಕಿಯನ್ ಮತ್ತು ವೆಡೆಪೋಲ್ 1961ರಲ್ಲಿ ಕೊಟ್ಟ ಶೇಲ್ (ಜೇಡಿ ಗಟ್ಟಿಯಾಗಿ ಆದ ಶಿಲೆ) ಸರಾಸರಿ, ಅಂದರೆ ಕ್ರೋಮಿಯಂಗೆ ಕೆಜಿಗೆ 90 ಮಿಗ್ರಾಂ, ಜೇಡಿನ ಕೆಸರಿಗೆ ಹೊಂದುತ್ತದೆಯೇ ಹೊರತು ಇಂಥ ಮರಳಿಗಲ್ಲ. ಅದೇ ತೀರದಲ್ಲಿ ಗುಂಡಿ ತೋಡಿ, ಆಳದ ಕಪ್ಪು ಪದರವನ್ನೇ ಹಿನ್ನೆಲೆ ಮಟ್ಟವಾಗಿ ತೆಗೆದುಕೊಳ್ಳಿ.

ಅಪಾಯಾಂಕದ ಲೆಕ್ಕದಲ್ಲಿ ಯಾವ ರೂಪದ ಕ್ರೋಮಿಯಂನ ಉಲ್ಲೇಖ ಪ್ರಮಾಣವನ್ನು (ದಿನವೂ ಸೇವಿಸಿದರೂ ಹಾನಿಯಾಗದೆಂದು ಎಣಿಸಿದ ಮಿತಿ) ಬಳಸಿದ್ದೀರಿ?

ಪ್ರಶ್ನೆ ಕೇಳಿದವರು:
ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.003 ಮಿಗ್ರಾಂ. ಮಗು ನುಂಗುವುದು ದಿನಕ್ಕೆ 200 ಮಿಗ್ರಾಂ ಮರಳು, ತೂಕ 15 ಕೆಜಿ, ವರ್ಷಕ್ಕೆ 350 ದಿನ.

ಉತ್ತರ:
ತೊಡಕಿನ ಮೂಲ ಅಲ್ಲಿಯೇ ಇದೆ. 0.003 ಎಂಬುದು ಹೆಚ್ಚು ವಿಷಕಾರಿಯಾದ ಷಡ್ವೇಲನ್ಸಿ ಕ್ರೋಮಿಯಂಗೆ (Cr-6) ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಟ್ಟಿದ್ದ ಪ್ರಮಾಣ. ನೀವು ಅಳೆದಿರುವುದು ಒಟ್ಟು ಕ್ರೋಮಿಯಂ, ಖನಿಜದ ಹರಳಿನೊಳಗೆ ಅದು ಬಹುಪಾಲು ತ್ರಿವೇಲನ್ಸಿಯಲ್ಲೇ (Cr-3, ತೀರಾ ಕಡಿಮೆ ವಿಷದ ರೂಪ) ಬಂಧಿಯಾಗಿರುತ್ತದೆ. ಉದಾಹರಣೆಗೆ ಕೆಜಿಗೆ 900 ಮಿಗ್ರಾಂ ಎಂದಿಟ್ಟುಕೊಂಡರೆ, ನಿಮ್ಮ ಸೂತ್ರದಲ್ಲಿ ಅಪಾಯಾಂಕ ಸುಮಾರು 3.8 ಬರುತ್ತದೆ, ತ್ರಿವೇಲನ್ಸಿಯ 1.5 ಹಾಕಿದರೆ 0.008ಕ್ಕೂ ಕೆಳಗಿಳಿಯುತ್ತದೆ. ವರ್ಷಕ್ಕೆ 350 ದಿನವೆಂಬುದು ಮನೆಯಂಗಳದ ಮಣ್ಣಿಗೆ ಇಟ್ಟ ಲೆಕ್ಕ, ಮೀನುಗಾರರ ಕೇರಿಯ ಮಕ್ಕಳಿಗೆ ಹೊಂದಬಹುದು, ಪ್ರವಾಸಿಗರಿಗೆ ಹೊಂದುವುದಿಲ್ಲ.

ಹಾಗೆಂದು ತ್ರಿವೇಲನ್ಸಿಯೇ ಎಂದು ಊಹಿಸಿ ಮುಗಿಸುವುದೂ ಸರಿಯಲ್ಲ. ಕೆಲವು ಮಾದರಿಗಳಲ್ಲಾದರೂ ಕ್ಷಾರೀಯ ವಿಧಾನದಿಂದ ಷಡ್ವೇಲನ್ಸಿಯನ್ನು ಬೇರೆಯಾಗಿ ಅಳೆಸಿ, ಜೊತೆಗೆ ಹಂತಹಂತದ ನಿಷ್ಕರ್ಷಣೆ (ಸೌಮ್ಯ ದ್ರಾವಣದಿಂದ ತೀವ್ರ ದ್ರಾವಣದವರೆಗೆ ಒಂದೊಂದಾಗಿ ಹಾಕಿ ಲೋಹವನ್ನು ಬಿಡಿಸುವುದು) ಮಾಡಿಸಿ. ಕ್ರೋಮಿಯಂ ಬಹುಪಾಲು ಕೊನೆಯ ಶೇಷದಲ್ಲೇ ಉಳಿದರೆ ಅದು ಬಂಡೆಯಿಂದ ಬಂದದ್ದೆಂಬ ವಾದಕ್ಕೆ ಬಲ ಬರುತ್ತದೆ; ಮೊದಲ ಹಂತದಲ್ಲೇ ಬಿಡಿಸಿಕೊಂಡು ಹೊರಬಂದರೆ ಹೊರಗಿನ ಮೂಲವನ್ನು ಹುಡುಕಬೇಕು. ಇನ್ನೊಂದು ಮಾತು: ಕೇರಳದ ಚವರದಂತೆ ನಿಮ್ಮ ಕರಿಮರಳಿನಲ್ಲೂ ಥೋರಿಯಂ ಇರುವ ಮೊನಜೈಟ್ ಖನಿಜ ಇದ್ದರೆ ಥೋರಿಯಂನ ವಿಕಿರಣವನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ, ಅಪಾಯಾಂಕದ ಈ ಸೂತ್ರಕ್ಕೆ ಅದು ಸಿಗುವುದಿಲ್ಲ.