ಸಹಾಯ ಬೇಕು: ಮ್ಯೂನಿಕ್‌ನಲ್ಲಿ ಇಬ್ಬರು ಹುಡುಗಿಯರಿಗೆ ರೂಮು

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಗೆಳತಿ ಹಾಸನದವರು. ಎಂಎಸ್ ಓದೋಕೆ ಸೆಪ್ಟೆಂಬರ್ ಎರಡನೇ ವಾರ ಜರ್ಮನಿಯ ಮ್ಯೂನಿಕ್‌ಗೆ ಬರ್ತಿದ್ದೀವಿ. ನನ್ನ ಕ್ಲಾಸು ಊರಾಚೆಯ ಗಾರ್ಶಿಂಗ್‌ನಲ್ಲಿ, ಅವಳದು ಊರೊಳಗೆ. ಹಾಗಾಗಿ ಯು6 ಮೆಟ್ರೋ ಲೈನ್ ಹತ್ತಿರ ಎಲ್ಲಿ ಸಿಕ್ಕರೂ ಇಬ್ಬರಿಗೂ ಅನುಕೂಲ.

ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೀವಿ, ಇನ್ನೂ ವೇಟಿಂಗ್ ಲಿಸ್ಟ್‌ನಲ್ಲೇ ಇದೆ. ಅದೇ ಹೊತ್ತಿಗೆ ಅಲ್ಲಿನ ದೊಡ್ಡ ಬಿಯರ್ ಹಬ್ಬ ಆಕ್ಟೋಬರ್‌ಫೆಸ್ಟ್ ಬೇರೆ, ಹೋಟೆಲ್ ಬಾಡಿಗೆ ಕೇಳೋ ಹಾಗೇ ಇಲ್ಲ. ನಮ್ಮ ದೊಡ್ಡ ಚಿಂತೆ ಆನ್‌ಮೆಲ್ಡುಂಗ್. ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರೋ ಪತ್ರ ಬೇಕು. ತಾತ್ಕಾಲಿಕವಾಗಿ ರೂಮು ಕೊಡೋರು ಹೆಚ್ಚಿನವರು ಆ ಪತ್ರ ಕೊಡಲ್ಲ ಅಂತಾರೆ. ಹೋದ ವಾರ ಒಬ್ಬರು ರೂಮು ತೋರಿಸದೆಯೇ 3 ತಿಂಗಳ ಡೆಪಾಸಿಟ್ ಕಳಿಸಿ ಅಂದರು. ಗೆಳತಿ ತಡೆಯದೇ ಇದ್ದಿದ್ದರೆ ಅಪ್ಪನ ದುಡ್ಡು ಹೋಗೇಬಿಡ್ತಿತ್ತು. ಈಗ ಯಾರನ್ನೂ ನಂಬೋಕೆ ಭಯ.

ಅಲ್ಲಿರೋ ಅಕ್ಕಂದಿರು, ಅಣ್ಣಂದಿರು ದಯವಿಟ್ಟು ಹೇಳಿ: ನೋಂದಣಿ ಪತ್ರದ ಸಮೇತ ಒಂದೆರಡು ತಿಂಗಳಿಗೆ ಒಂದು ರೂಮು ಸಿಗುತ್ತಾ? ಒಂದೇ ರೂಮಲ್ಲಿ ಇಬ್ಬರೂ ಇರ್ತೀವಿ. ಬಾಡಿಗೆ, ಹೀಟಿಂಗ್ ಎಲ್ಲಾ ಸೇರಿ 900 ಯೂರೋವರೆಗೆ ಕೊಡಬಲ್ಲೆವು. ರೂಮು ಇಲ್ಲದಿದ್ದರೂ ಪರವಾಗಿಲ್ಲ, ನಮ್ಮ ಪರವಾಗಿ ಯಾರಾದರೂ ಒಮ್ಮೆ ಹೋಗಿ ಮನೆ ನೋಡಿ ಬಂದರೂ ದೊಡ್ಡ ಉಪಕಾರ.

ಹಾಲಿನ ಪದಾರ್ಥ ತರೋ ಹಾಗಿಲ್ಲ ಅಂತ ತಿಳಿದು ಅಮ್ಮ ಕಾಯಿಸಿಟ್ಟ ತುಪ್ಪ ಇಲ್ಲೇ ಬಿಟ್ಟು ಬರ್ತಿದ್ದೀವಿ. ಹುರಿಹಿಟ್ಟು, ಸಾರಿನಪುಡಿ ತರ್ತೀವಿ. ಅಲ್ಲಿರೋರಿಗೆ ಬೇಕಿದ್ದರೆ ಹೇಳಿ, ಜಾಗ ಮಾಡ್ಕೊಂಡು ತರ್ತೀವಿ.